ಗರಸಿನ ಗುಂಡಿಯಲ್ಲಿ ಶಿಲಾಯುಗ

ವಿಜಯಪುರದಿಂದ ಹುಬ್ಬಳ್ಳಿ ಕಡೆಗೆ ಹೋಗುವ ಹೆದ್ದಾರಿ ಬಾಗಲಕೋಟೆ ಜಿಲ್ಲೆಯ ಅನಗವಾಡಿ ಹತ್ತಿರ ಘಟಪ್ರಭೆಯನ್ನು ದಾಟುತ್ತದೆ. ಅಲ್ಲಿನ ಹೊಳೆದಂಡೆಯ ಗರಸಿನ (ಕಲ್ಲುಹರಳು ಬೆರೆತ ಮಣ್ಣಿನ) ಪದರದಲ್ಲಿ ಹಳೆ ಶಿಲಾಯುಗದ ಕೈಗೊಡಲಿಗಳು, ಅಂದರೆ ಕೈಯಲ್ಲೇ ಹಿಡಿದು ಬಳಸುತ್ತಿದ್ದ ಕಲ್ಲಿನ ಆಯುಧಗಳು, ಸಿಕ್ಕಿವೆ. ರಸ್ತೆ ಅಗಲ ಮಾಡುವಾಗ ಅದರ ಕೆಳಗೆ ತುಂಬುವುದೂ ಗರಸೇ. ರಸ್ತೆ ಕೆಲಸಕ್ಕೆ ಮುಂಚೆ ಹಳೆಯ ಕುರುಹು ಹುಡುಕಿ ದಾಖಲಿಸುವ ಪುರಾತತ್ವ ಸಮೀಕ್ಷೆಗೆ ಈ ಸೀಮೆಯಲ್ಲಿ ತೊಡಕು ಇರುವುದೇ ಇಲ್ಲಿ: ಗರಸು ಅಗೆದರೆ ಅದರೊಳಗಿನ ಕುರುಹೂ ಹೋಗುತ್ತದೆ.

ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ನಿಯಮವಿದು. ಬಾದಾಮಿ, ಐಹೊಳೆಗಳಿಗೆ ಅದು ಆಸರೆ. ಪಟ್ಟಿಯಲ್ಲಿಲ್ಲದ ಹೊಲದ ದಿಬ್ಬಕ್ಕೆ, ಅಗಸಿ ಮುಂದಿನ ವೀರಗಲ್ಲಿಗೆ ಆ ಆಸರೆಯಿಲ್ಲ. ಅವನ್ನು ನಡೆದೇ ಹುಡುಕಬೇಕು.

ನಡೆಯಲು ತಕ್ಕ ಕಾಲ ಹಿಂಗಾರಿ ಜೋಳ ಕೊಯ್ದು ಹೊಲ ಹರಗಿದ ಮೇಲೆ, ಮಾರ್ಚ್‌ನಿಂದ ಮೇವರೆಗೆ. ಹತ್ತು ಮೀಟರ್‌ಗೊಬ್ಬರಂತೆ ಸಾಲಾಗಿ ನಡೆದು, ಸಿಕ್ಕಿದ್ದನ್ನು ಜಿಪಿಎಸ್ ಗುರುತಿನೊಂದಿಗೆ ಬರೆದುಕೊಳ್ಳುತ್ತಾರೆ. ರೈತರನ್ನು ಹೊಲದ ಹೆಸರು ಕೇಳುವುದನ್ನು ಮರೆಯಬಾರದು. ‘ಹಾಳೂರು’ ಎಂದರೆ ಅಲ್ಲಿ ನಿಂತು ನೋಡಬೇಕು. ಎರಿ ಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಮಡಕೆಚೂರುಗಳನ್ನು ನುಂಗುತ್ತದೆ. ಹಾಗಾಗಿ ಮೇಲೆ ನಾಲ್ಕೇ ಚೂರು ಕಂಡರೂ ‘ಏನೂ ಇಲ್ಲ’ ಎಂದು ಬರೆಯುವಂತಿಲ್ಲ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಆಗುತ್ತದೆ: ತಿಪ್ಪೆಗೊಬ್ಬರದ ಜೊತೆ ಊರಿನಿಂದ ಬಂದ ಚೂರುಗಳನ್ನು ಕಂಡು ಹಳೆಯ ಊರೆಂದುಕೊಳ್ಳುವುದು. ಒಂದು ಮೀಟರ್ ಚೌಕದ ಗುಂಡಿಯನ್ನು ಸಲಕ್ಕೆ ಹತ್ತು ಸೆಂಟಿಮೀಟರ್‌ನಂತೆ ತೋಡಿ, ಮಣ್ಣು ಜರಡಿ ಹಿಡಿದರೆ ಸಂಶಯ ಹರಿಯುತ್ತದೆ. ಚೂರುಗಳು ನೇಗಿಲು ತಾಗುವ ಮಣ್ಣಿನಲ್ಲೇ ಮುಗಿದರೆ ಗೊಬ್ಬರದವು. ಕೆಳಗೂ ಬೂದಿ, ಎಲುಬಿನೊಂದಿಗೆ ಮುಂದುವರಿದರೆ ಜನ ಬಾಳಿದ ನೆಲ.

ವೀರಗಲ್ಲಿನ ಕೆಲಸ ನಾಜೂಕಿನದು. ಎಣ್ಣೆ, ಸುಣ್ಣದ ಪದರದಡಿ ಅಕ್ಷರ ಮುಚ್ಚಿರಬಹುದು, ಕೆಲವು ಸಾಲು ನೆಲದೊಳಗೂ ಇರಬಹುದು. ಸುತ್ತ ಕೈಯಿಂದಲೇ ಬಿಡಿಸದೆ ಜೆಸಿಬಿಯಿಂದ ಎತ್ತಿದರೆ ಕಲ್ಲು ಮಣ್ಣಿನ ಮಟ್ಟಕ್ಕೇ ಮುರಿಯಬಹುದು. ಮೊದಲು ಫೋಟೊ, ಪಡಿಯಚ್ಚು (ಕಾಗದ ಒತ್ತಿ ತೆಗೆದ ಅಕ್ಷರದ ಅಚ್ಚು), ನಿಂತ ಜಾಗ ಮತ್ತು ಮುಖ ಮಾಡಿದ ದಿಕ್ಕಿನ ದಾಖಲೆ. ಆಮೇಲೆ ಊರವರ ಒಪ್ಪಿಗೆ ಪಡೆದು, ಸರಪಳಿ ಹಾಕದೆ ಅಗಲವಾದ ಬಟ್ಟೆಪಟ್ಟಿಯಿಂದ ಎತ್ತಬೇಕು.

ಇಷ್ಟೆಲ್ಲ ಅಚ್ಚುಕಟ್ಟಾಗಿ ನಡೆದರೂ ಗರಸಿನ ಗುಂಡಿ ಬಿಟ್ಟುಹೋಗುವ ಅಪಾಯವಿದೆ. ಸಮೀಕ್ಷೆಯವರು ನಡೆಯುವುದು ಹೆದ್ದಾರಿಗೆಂದು ಹಿಡಿದ ಜಮೀನಿನಲ್ಲಿ. ಗರಸು ಬರುವುದು ಅದರ ಹೊರಗಿನ ಹೊಲದಿಂದ, ಹಳ್ಳದ ದಂಡೆಯಿಂದ. ಆ ಜಾಗ ಎಷ್ಟೋ ಸಲ ಗೊತ್ತಾಗುವುದು ಕೆಲಸ ಶುರುವಾದ ಮೇಲೆ. ಆದ್ದರಿಂದ ಗರಸಿನ ಗುಂಡಿ, ಕೂಲಿಕಾರರ ಶೆಡ್ಡು, ಬದಲಿ ರಸ್ತೆ ಇವುಗಳ ಪಟ್ಟಿ ಮೊದಲೇ ಸಿಗಬೇಕು, ಅಲ್ಲೂ ನಡೆಯಬೇಕು. ಗುತ್ತಿಗೆ ಕರಾರಿನಲ್ಲೇ ಇದನ್ನು ಬರೆಸುವುದು ಒಳ್ಳೆಯದು.

ಗುಂಡಿಯಲ್ಲಿ ನೋಡುವುದೇನು? ಇಲ್ಲಿನ ಕೈಗೊಡಲಿಗಳು ಹೆಚ್ಚಾಗಿ ಕ್ವಾರ್ಟ್ಜೈಟ್ ಕಲ್ಲಿನವು. ಎರಡೂ ಮೈಯಿಂದ ಚಕ್ಕೆ ಎಬ್ಬಿಸಿದ ಗುರುತು, ಒಂದು ತುದಿ ಚೂಪು. ಚಕ್ಕೆ ಎದ್ದ ಮೈಯೆಲ್ಲ ಒಂದೇ ಮಾಸಲು ಬಣ್ಣ, ಏಣುಗಳು ಸವೆದು ನುಣುಪು. ಜೆಸಿಬಿ ಹಲ್ಲಿಗೆ ಒಡೆದ ಕಲ್ಲಿನ ಹೊಸ ಮೈ ಮಾತ್ರ ಬೆಳ್ಳಗೆ ಹೊಳೆಯುತ್ತದೆ, ಅಂಚು ಬೆರಳು ಕೊಯ್ಯುವಷ್ಟು ಹರಿತ. ಕೈಗೊಡಲಿ ಕಂಡರೆ ಕಿತ್ತುಕೊಳ್ಳಬಾರದು. ಗುಂಡಿಯ ಗೋಡೆಯನ್ನು ಕರಣಿಯಿಂದ ಹೆರೆದು, ಪಕ್ಕ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಮೇಲಿನಿಂದ ಎಷ್ಟು ಆಳದಲ್ಲಿ, ಯಾವ ಪದರದಲ್ಲಿದೆ ಎಂದು ಬರೆಯುವವರೆಗೆ ಆ ಮಗ್ಗುಲಿನ ಅಗೆತ ನಿಲ್ಲಿಸಬೇಕು. ಟಿಪ್ಪರ್ ಬೇರೆ ಮಗ್ಗುಲಲ್ಲಿ ತುಂಬಿಕೊಳ್ಳಬಹುದು.