ಐದು ಒಂದಾದ ಮೇಲೆ ಒಂದು ಸೊನ್ನೆ

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರನ್ನು, ಕಂಪ್ಯೂಟರ್‌ಗಳ ನಡುವೆ ಡೇಟಾ ಕಳಿಸುವಾಗ ಮಾಡುವ ಬಿಟ್ ಸ್ಟಫಿಂಗ್ ಅಂದ್ರೇನು ಅಂತ ಕೇಳಿ. ಥಟ್ಟನೆ ಉತ್ತರ ಬರುತ್ತದೆ: "ಸಾಲಾಗಿ ಐದು ಒಂದು ಬಂದರೆ ಒಂದು ಸೊನ್ನೆ ಸೇರಿಸಬೇಕು ಸರ್." ಸರಿ, ಆರನೆಯದು ಹೇಗೂ ಸೊನ್ನೆಯೇ ಆಗಿದ್ದರೆ? "ಆಗ ಬೇಕಾಗಿಲ್ಲ" ಅನ್ನುವವರೇ ಜಾಸ್ತಿ. ತಪ್ಪು. ಆಗಲೂ ಸೇರಿಸಲೇಬೇಕು. ಇದರ ಚೆಂದ ಇರುವುದೇ ಅಲ್ಲಿ.

ತಂತಿಯಲ್ಲಿ ಹರಿಯುವುದು ಒಂದು ಮತ್ತು ಸೊನ್ನೆ ಮಾತ್ರ. ಫ್ರೇಮ್, ಅಂದರೆ ಒಮ್ಮೆಗೆ ಕಳಿಸುವ ಡೇಟಾದ ಕಂತೆ, ಎಲ್ಲಿ ಶುರು, ಎಲ್ಲಿ ಮುಗಿಯಿತು ಅನ್ನುವ ಗುರುತನ್ನೂ ಅವುಗಳಿಂದಲೇ ಮಾಡಬೇಕು. ನಮ್ಮ ಎಪಿಎಂಸಿಯಲ್ಲಿ ಎರಡು ಮೆಕ್ಕೆಜೋಳದ ರಾಶಿಗಳ ನಡುವೆ ಗಡಿ ಹಾಕಲು ಮೆಕ್ಕೆಜೋಳ ಬಿಟ್ಟು ಬೇರೇನೂ ಸಿಗದಿದ್ದರೆ ಹೇಗೋ, ಹಾಗೆ.

1967ರಲ್ಲಿ ಐಬಿಎಂ ತಂದ ಬೈಸಿಂಕ್ ಎಂಬ ಡೇಟಾ ಕಳಿಸುವ ಪದ್ಧತಿ ಈ ಗಡಿಗೆ ಕೆಲವು ಅಕ್ಷರಗಳನ್ನು ಮೀಸಲಿಟ್ಟಿತ್ತು. ಬರೀ ಟೆಕ್ಸ್ಟ್ ಕಳಿಸುವವರೆಗೆ ಸುಖ. ಪ್ರೋಗ್ರಾಂ ಕಳಿಸಿದರೆ ಅದರೊಳಗೂ ಅದೇ ಬಿಟ್‌ಗಳು ಇರಬಹುದು ಅಲ್ವಾ? ಅದಕ್ಕೊಂದು ತೇಪೆ, ತೇಪೆಗೊಂದು ತೇಪೆ. 1970ರ ದಶಕದಲ್ಲಿ ಅದೇ ಕಂಪನಿ ಎಸ್‌ಡಿಎಲ್‌ಸಿ ಎಂಬ ಹೊಸ ಪದ್ಧತಿ ತಂದು ಅಕ್ಷರಗಳ ಗೊಡವೆಯನ್ನೇ ಬಿಟ್ಟಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಅದನ್ನು ಬೆಳೆಸಿ ಎಚ್‌ಡಿಎಲ್‌ಸಿ ಮಾಡಿತು. ಇಲ್ಲಿ ಗಡಿ ಗುರುತು 01111110. ನಡುವೆ ಆರು ಒಂದು. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಸಂಕೇತದಲ್ಲಿ ಇದೇ ಟಿಲ್ಡೆ (~) ಚಿಹ್ನೆ. ಸ್ಟಫಿಂಗ್ ಇಲ್ಲದಿದ್ದರೆ ಒಂದು ~ ಟೈಪ್ ಮಾಡಿದರೂ ಫಜೀತಿ.

ನಿಯಮ ಸಣ್ಣದು. ಡೇಟಾದಲ್ಲಿ ಸಾಲಾಗಿ ಐದು ಒಂದು ಹೋದ ಕೂಡಲೇ ಕಳಿಸುವವನು ಒಂದು ಸೊನ್ನೆ ತುರುಕುತ್ತಾನೆ. ಪಡೆಯುವವನು ಐದು ಒಂದರ ನಂತರದ ಸೊನ್ನೆಯನ್ನು ಕಿತ್ತು ಹಾಕುತ್ತಾನೆ. ಹಾಗಾಗಿ ಡೇಟಾದೊಳಗೆ ಗಡಿ ಗುರುತಿನಂತೆ ಆರು ಒಂದು ಸಾಲಾಗಿ ಹೋಗುವುದೇ ಇಲ್ಲ. ಈಗ ಹುಡುಗರ ವಾದವನ್ನೇ ಹಿಡಿಯೋಣ: ಆರನೆಯದೂ ಒಂದಾದರೆ ಮಾತ್ರ ಸೊನ್ನೆ. ಆಗ 111111 ಹೋಗುವುದು 1111101 ಆಗಿ. ಡೇಟಾವೇ 1111101 ಇದ್ದರೆ? ಅದೂ ಹಾಗೇ ಹೋಗುತ್ತದೆ. ಎರಡಕ್ಕೂ ಒಂದೇ ವೇಷ! ಪಡೆಯುವವನು ಸೊನ್ನೆ ಕೀಳಬೇಕೋ, ಬಿಡಬೇಕೋ? ನಿಜವಾದ ನಿಯಮದಲ್ಲಿ ಎರಡನೆಯದು 11111001 ಆಗುತ್ತದೆ, ಗೊಂದಲ ಮುಗಿಯಿತು. ಮುಂದೇನಿದೆ ಅಂತ ಇಣುಕುವ ಕೆಲಸವೂ ಇಲ್ಲ. ಐದರವರೆಗೆ ಎಣಿಸಬಲ್ಲ ಪುಟ್ಟ ಸರ್ಕ್ಯೂಟ್ ಸಾಕು.

ಖರ್ಚು? ಡೇಟಾ ತುಂಬ ಬರೀ ಒಂದೇ ಇದ್ದರೆ ಶೇ. 20 ಜಾಸ್ತಿ. ಒಂದು, ಸೊನ್ನೆ ಹೇಗೆಂದರೆ ಹಾಗೆ ಬೆರೆತಿದ್ದರೆ ಸರಾಸರಿ 62 ಬಿಟ್‌ಗೆ ಒಂದು ಸೊನ್ನೆ, ಅಷ್ಟೇ.

ಯುಎಸ್‌ಬಿ 2.0 ಕೂಡ ಸೊನ್ನೆ ಸೇರಿಸುತ್ತದೆ, ಐದರ ಬದಲು ಆರು ಒಂದರ ನಂತರ. ಆದರೆ ಅದರ ಚಿಂತೆ ಗಡಿಯದ್ದಲ್ಲ. ಒಂದು ಬಂದಾಗ ಅದರ ತಂತಿಯ ಮಟ್ಟ ಬದಲಾಗುವುದಿಲ್ಲ, ಸೊನ್ನೆ ಬಂದಾಗ ಮಾತ್ರ ಬದಲಾಗುತ್ತದೆ. ಒಂದುಗಳೇ ಸಾಲುಗಟ್ಟಿದರೆ ಪಡೆಯುವವನ ಗಡಿಯಾರಕ್ಕೆ ಎಷ್ಟು ಬಿಟ್ ಕಳೆದವು ಅನ್ನುವುದೇ ತಪ್ಪಿಹೋಗುತ್ತದೆ.