ಸಕ್ಕರೆ ಕುಸಿದದ್ದು ತಿಳಿಯದವರಿಗೆ: ಐಲೆಟ್ ಕಸಿಯ ಅರ್ಹತೆ ರೂಪುಗೊಂಡ ಬಗೆ

ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ ಮೆಣಸು ಕೊಯ್ಯುತ್ತಿರುವವನಿಗೆ ರಕ್ತದ ಸಕ್ಕರೆ ಇಳಿದರೆ ಮೊದಲು ಕೈ ನಡುಗಬೇಕು, ಬೆವರು ಕಿತ್ತುಬರಬೇಕು, ಎದೆ ಹೊಡೆದುಕೊಳ್ಳಬೇಕು. ಆಗ ಅವನು ಇಳಿದು ಬಂದು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾನೆ. ಸೋಮವಾರಪೇಟೆ ಕಡೆ ತೋಟ ಮಾಡಿಕೊಂಡಿರುವ ನನ್ನ ಚಿಕ್ಕಪ್ಪನ ಮಗನಿಗೆ ಈ ಯಾವ ಸೂಚನೆಯೂ ಈಗ ಬರುವುದಿಲ್ಲ. ಹನ್ನೊಂದನೆಯ ವಯಸ್ಸಿಗೆ ಟೈಪ್ 1 ಮಧುಮೇಹ ಬಂತು, ಈಗ ನಲವತ್ತು. ಮಾತನಾಡುತ್ತಿದ್ದಂತೆಯೇ ಕಣ್ಣು ಶೂನ್ಯವಾಗುತ್ತದೆ, ಕುಸಿದು ಬೀಳುತ್ತಾನೆ. ಅವನ ಹೆಂಡತಿ ಜೀಪಿನಲ್ಲಿ, ಕಣದ ಪಕ್ಕದ ಶೆಡ್ಡಿನಲ್ಲಿ, ದಿಂಬಿನ ಕೆಳಗೆ ಗ್ಲುಕೋಸ್ ಪುಡಿ ಇಟ್ಟಿರುತ್ತಾರೆ. ರಾತ್ರಿ ಎರಡಕ್ಕೆ ಎದ್ದು ಅವನ ಹಣೆ ಮುಟ್ಟಿ ನೋಡುವುದು ಅವರಿಗೆ ಅಭ್ಯಾಸವಾಗಿದೆ.

"ಕೋಶ ಕಸಿ ಮಾಡಿದರೆ ಇನ್ಸುಲಿನ್ ಬೇಡವಂತೆ, ಇವರಿಗೆ ಮಾಡಿಸಬಹುದೇ?" ಎಂದು ಸುದ್ದಿಯೊಂದನ್ನು ಓದಿದ ಅತ್ತಿಗೆ ಕೇಳಿದರು. ಅದೇ ವಾರ ಕುಶಾಲನಗರದ ತಾಯಿಯೊಬ್ಬರು ತಮ್ಮ ಒಂಬತ್ತು ವರ್ಷದ ಮಗಳ ಬಗ್ಗೆ ಇದೇ ಪ್ರಶ್ನೆ ಕೇಳಿದರು. ಮಗಳಿಗೆ ಈಗ ಸಲ್ಲದು. ಅಣ್ಣನ ವಿಷಯದಲ್ಲಿ ಕನಿಷ್ಠ ಯೋಚಿಸಬಹುದು. ಕಾಯಿಲೆ ಒಂದೇ ಆದರೂ ಉತ್ತರ ಎರಡಾಗುವುದು ಏಕೆಂದು ತಿಳಿಯಬೇಕಾದರೆ ಈ ಚಿಕಿತ್ಸೆಯ ಹಳೆಯ ಸೋಲುಗಳನ್ನು ನೋಡಬೇಕು.

ಮೇದೋಜೀರಕ ಗ್ರಂಥಿಯೊಳಗೆ ಚದುರಿಕೊಂಡಿರುವ ಪುಟ್ಟ ಕೋಶಗುಚ್ಛಗಳನ್ನು ಜರ್ಮನಿಯ ಪೌಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿ ಗುರುತಿಸಿದ. ಇವೇ ಐಲೆಟ್‌ಗಳು, ಇನ್ಸುಲಿನ್ ತಯಾರಾಗುವ ತಾಣ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಅಲ್ಲಿನ ಇನ್ಸುಲಿನ್ ಕೋಶಗಳನ್ನು ನಾಶಮಾಡುತ್ತದೆ. 1893ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಾವಿನಂಚಿನಲ್ಲಿದ್ದ ಹದಿನೈದರ ಹುಡುಗನ ಚರ್ಮದಡಿ ಕುರಿಯ ಮೇದೋಜೀರಕದ ತುಂಡುಗಳನ್ನಿಟ್ಟರು. ಮೂರು ದಿನಕ್ಕೆ ಹುಡುಗ ತೀರಿಕೊಂಡ. 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚುಚ್ಚುಮದ್ದು ಬಂದ ಮೇಲೆ ಕಸಿಯ ತುರ್ತು ತಗ್ಗಿತು. ಜೀವ ಉಳಿಸುವ ಔಷಧ ಕೈಯಲ್ಲಿರುವಾಗ, ಅದಕ್ಕಿಂತ ಅಪಾಯದ ಚಿಕಿತ್ಸೆಯನ್ನು ಯಾರಿಗೆ ಕೊಡುವುದು ನ್ಯಾಯ? ಅರ್ಹತೆಯ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ.

1967ರಲ್ಲಿ ಅಮೆರಿಕದ ಪಾಲ್ ಲೇಸಿ, ಕೊಲಾಜಿನೇಸ್ ಎಂಬ ಕಿಣ್ವ ಬಳಸಿ ಇಲಿಯ ಗ್ರಂಥಿಯಿಂದ ಐಲೆಟ್‌ಗಳನ್ನು ಬಿಡಿಸುವ ದಾರಿ ತೋರಿದರು. 1974ರಲ್ಲಿ ಮಿನ್ನೆಸೋಟದಲ್ಲಿ ಮನುಷ್ಯರ ಮೇಲೆ ಪ್ರಯತ್ನ ನಡೆಯಿತು. ಮುಂದಿನ ಕಾಲು ಶತಮಾನ ಬಹುಪಾಲು ನಿರಾಶೆಯೇ. 1990ರ ದಶಕದಲ್ಲಿ ದಾಖಲಾದ 267 ಕಸಿಗಳಲ್ಲಿ ವರ್ಷಕ್ಕೂ ಹೆಚ್ಚು ಕಾಲ ಇನ್ಸುಲಿನ್ ಬೇಡವಾದದ್ದು ಶೇ 8.2ರಷ್ಟಕ್ಕೆ ಮಾತ್ರ. ಕಸಿಯನ್ನು ಕಾಪಾಡಲೆಂದು ಕೊಡುತ್ತಿದ್ದ ಸ್ಟೀರಾಯ್ಡ್‌ಗಳೇ ಐಲೆಟ್‌ಗಳಿಗೆ ಮುಳುವಾಗುತ್ತಿದ್ದವು.

2000ನೇ ಇಸವಿಯಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಜೇಮ್ಸ್ ಶಪೀರೊ ಅವರ ತಂಡ ಸ್ಟೀರಾಯ್ಡ್ ಕೈಬಿಟ್ಟು ಏಳು ಮಂದಿಗೆ ಕಸಿ ಮಾಡಿತು. ಏಳೂ ಮಂದಿ ಇನ್ಸುಲಿನ್ ನಿಲ್ಲಿಸಿದರು. ಜಗತ್ತು ಆ ಯಶಸ್ಸನ್ನು ಕೊಂಡಾಡಿತು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ಏಳು ಮಂದಿಯ ಆಯ್ಕೆ. ಎಲ್ಲರಿಗೂ ಕಾಯಿಲೆ ಬಂದು ಐದು ವರ್ಷ ದಾಟಿತ್ತು. ಎಷ್ಟೇ ಜಾಗ್ರತೆ ವಹಿಸಿದರೂ ಸಕ್ಕರೆ ಪದೇ ಪದೇ ಅಪಾಯಕಾರಿಯಾಗಿ ಕುಸಿಯುತ್ತಿದ್ದವರು, ಇಲ್ಲವೇ ಯಾವ ಹಿಡಿತಕ್ಕೂ ಸಿಗದೆ ಏರಿಳಿಯುತ್ತಿದ್ದವರು ಅವರು. ಸಕ್ಕರೆ ಸದಾ ಹೆಚ್ಚಿರುತ್ತದೆ ಎಂಬುದೊಂದೇ ಕಾರಣಕ್ಕೆ, ಚುಚ್ಚಿಕೊಂಡು ಬೇಸತ್ತರೆಂಬ ಕಾರಣಕ್ಕೆ ಯಾರನ್ನೂ ಆರಿಸಿರಲಿಲ್ಲ.

ಆರು ವರ್ಷಗಳ ನಂತರ ಆ ಉತ್ಸಾಹಕ್ಕೆ ಕಡಿವಾಣ ಬಿತ್ತು. ಹಲವು ಕೇಂದ್ರಗಳಲ್ಲಿ 36 ಮಂದಿಗೆ ಅದೇ ಕ್ರಮದಲ್ಲಿ ಕಸಿ ಮಾಡಿದಾಗ ವರ್ಷದ ಕೊನೆಗೆ ಇನ್ಸುಲಿನ್ ಇಲ್ಲದೆ ಇದ್ದವರು 16. ಅವರಲ್ಲಿ ಎರಡನೆಯ ವರ್ಷಕ್ಕೆ ಉಳಿದವರು ಐವರು. ಆದರೆ ಇನ್ಸುಲಿನ್ ಮತ್ತೆ ಬೇಕಾದವರಲ್ಲಿಯೂ, ಕಸಿಯಾದ ಕೋಶಗಳು ಅಷ್ಟಿಷ್ಟು ಕೆಲಸ ಮಾಡುತ್ತಿದ್ದರೆ ತೀವ್ರ ಕುಸಿತ ತಪ್ಪಿತ್ತು. ಚಿಕಿತ್ಸೆಯ ಗುರಿಯೇ ಬದಲಾಯಿತು. ಸೂಜಿಯಿಂದ ಬಿಡುಗಡೆ ಎನ್ನುವುದು ಎರಡನೆಯ ಮಾತಾಗಿ, ಪ್ರಜ್ಞೆ ತಪ್ಪುವ ಭಯದಿಂದ ಬಿಡುಗಡೆ ಮೊದಲನೆಯದಾಯಿತು. 2016ರಲ್ಲಿ ಪ್ರಕಟವಾದ 48 ಮಂದಿಯ ಪ್ರಯೋಗ ಗೆಲುವನ್ನು ಅಳೆದದ್ದು ಹೀಗೆಯೇ: ತೀವ್ರ ಕುಸಿತವಿಲ್ಲದೆ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರುವ ಎಚ್‌ಬಿಎ1ಸಿ ಶೇ 7ಕ್ಕಿಂತ ಕೆಳಗಿರಬೇಕು. ವರ್ಷದ ಕೊನೆಗೆ ಶೇ 87.5 ಮಂದಿ ಅದನ್ನು ಸಾಧಿಸಿದ್ದರು.

ಉಳಿದ ಷರತ್ತುಗಳು ಎರಡು ಮೂಲಗಳಿಂದ ಬಂದಿವೆ. ಒಂದು, ಕೊರತೆ. ಮಿದುಳು ನಿಷ್ಕ್ರಿಯಗೊಂಡ ದಾನಿಯ ಮೇದೋಜೀರಕದಲ್ಲಿ ಸುಮಾರು ಹತ್ತು ಲಕ್ಷ ಐಲೆಟ್‌ಗಳಿರುತ್ತವೆ. ಬಿಡಿಸುವಾಗ ಬಹಳಷ್ಟು ಹಾಳಾಗುತ್ತವೆ. ಪಡೆಯುವವರ ತೂಕದ ಕಿಲೋವೊಂದಕ್ಕೆ ಕನಿಷ್ಠ 5,000 ಬೇಕು. ಅರವತ್ತು ಕಿಲೋ ತೂಕದವರಿಗೆ ಮೂರು ಲಕ್ಷ. ಎಡ್ಮಂಟನ್‌ನಲ್ಲಿ ಕೊಟ್ಟದ್ದು ಇದರ ಇಮ್ಮಡಿಗೂ ಹೆಚ್ಚು, ಹಾಗಾಗಿ ಒಬ್ಬ ರೋಗಿಗೆ ಕನಿಷ್ಠ ಇಬ್ಬರು ದಾನಿಗಳು ಬೇಕಾಗಿದ್ದರು. ತೂಕ ಹೆಚ್ಚಿರುವವರನ್ನೂ ದಿನಕ್ಕೆ ಬಹಳ ಇನ್ಸುಲಿನ್ ಬೇಕಾಗುವವರನ್ನೂ ಸಾಮಾನ್ಯವಾಗಿ ಪರಿಗಣಿಸದಿರುವುದು ಈ ಲೆಕ್ಕದಿಂದ.

ಇನ್ನೊಂದು, ಔಷಧ. ಐಲೆಟ್‌ಗಳನ್ನು ಹೊಟ್ಟೆಯ ಮೂಲಕ ಕೊಳವೆ ತೂರಿಸಿ ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಬಿಡುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆಯಲ್ಲ, ರಕ್ತಸ್ರಾವದ ಅಪಾಯವಂತೂ ಇದ್ದೇ ಇದೆ. ಕಷ್ಟ ಶುರುವಾಗುವುದು ಆಮೇಲೆ. ಕಸಿ ಉಳಿದಷ್ಟು ಕಾಲ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗಬೇಕು. ಸೋಂಕು, ಕ್ಯಾನ್ಸರ್, ಮೂತ್ರಪಿಂಡದ ಹಾನಿ ಅದರ ಬೆಲೆ. ಆದ್ದರಿಂದ ಮೂತ್ರಪಿಂಡ ಚೆನ್ನಾಗಿರಬೇಕು. ಕ್ಷಯ, ಹೆಪಟೈಟಿಸ್‌ನಂಥ ಸೋಂಕು, ಇತ್ತೀಚಿನ ಕ್ಯಾನ್ಸರ್, ಗಂಭೀರ ಹೃದ್ರೋಗ ಇರಬಾರದು. ಗರ್ಭ ಧರಿಸಬೇಕೆಂದಿರುವವರು ದೂರ ಉಳಿಯಬೇಕು. ಆದರೆ ಮೂತ್ರಪಿಂಡ ಕೆಟ್ಟು ಈಗಾಗಲೇ ಅದರ ಕಸಿ ಮಾಡಿಸಿಕೊಂಡ ಟೈಪ್ 1 ರೋಗಿಗೆ ಬಾಗಿಲು ತೆರೆದಿದೆ: ಆ ಮಾತ್ರೆಗಳನ್ನು ಅವರು ಹೇಗೂ ನುಂಗುತ್ತಿದ್ದಾರೆ. ಇಂಗ್ಲೆಂಡಿನಲ್ಲಿ 2008ರಿಂದ ಸರ್ಕಾರಿ ಆರೋಗ್ಯ ಸೇವೆ ತೀವ್ರ ಕುಸಿತಕ್ಕೊಳಗಾಗುವವರು, ಮೂತ್ರಪಿಂಡ ಕಸಿಯಾದವರು ಎಂಬ ಈ ಎರಡು ಗುಂಪುಗಳಿಗೇ ಕಸಿ ಒದಗಿಸುತ್ತಿದೆ. ಅಮೆರಿಕ 2023ರ ಜೂನ್‌ನಲ್ಲಿ ಲ್ಯಾಂಟಿಡ್ರಾ ಎಂಬ ಐಲೆಟ್ ಚಿಕಿತ್ಸೆಯನ್ನು ಒಪ್ಪಿದ್ದು, ಪದೇ ಪದೇ ತೀವ್ರ ಕುಸಿತಕ್ಕೊಳಗಾಗುವ ವಯಸ್ಕರಿಗೆ ಮಾತ್ರ. ಕುಶಾಲನಗರದ ಮಗುವಿಗೆ ಇನ್ಸುಲಿನ್ ಚೆನ್ನಾಗಿ ಒಗ್ಗಿದೆ. ಅವಳ ಎಳೆಯ ದೇಹಕ್ಕೆ ಆ ಮಾತ್ರೆಗಳನ್ನು ತುಂಬುವುದು ಅನ್ಯಾಯ ಎಂದು ನಾನು ಆ ತಾಯಿಗೆ ನೇರವಾಗಿಯೇ ಹೇಳಿದೆ.

ಅತ್ತಿಗೆ ಓದಿದ ಸುದ್ದಿ 2025ರದು. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶದಿಂದ (ಸ್ಟೆಮ್ ಸೆಲ್) ಬೆಳೆಸಿದ ಐಲೆಟ್‌ಗಳನ್ನು ಪೂರ್ಣ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದೆ ಇದ್ದರು. ದಾನಿಗಳ ಕೊರತೆಗೆ ಇದು ಉತ್ತರವಾಗಬಹುದು, ಮಾತ್ರೆಗಳಿಗೆ ಅಲ್ಲ. ಹಾಗಾಗಿ ಅಲ್ಲಿಯೂ ಆಯ್ಕೆಯಾದವರು ಕುಸಿತದ ಅರಿವು ಕಳೆದುಕೊಂಡವರೇ. ಅದೇ ವರ್ಷ ಇನ್ನೊಂದು ವರದಿ ಬಂತು: ಸ್ವೀಡನ್ನಿನಲ್ಲಿ ಜೀನ್ ತಿದ್ದಿದ ಐಲೆಟ್‌ಗಳನ್ನು ಒಬ್ಬ ವ್ಯಕ್ತಿಯ ಮುಂಗೈ ಸ್ನಾಯುವಿನಲ್ಲಿಟ್ಟರು. ಮಾತ್ರೆಯಿಲ್ಲದೆಯೇ ಅವು ಬದುಕಿದವು. ಪ್ರಮಾಣ ತೀರ ಕಡಿಮೆ, ಅವರು ಇನ್ಸುಲಿನ್ ಬಿಟ್ಟಿಲ್ಲ. ಆ ಮಗುವಿನಂಥವರಿಗಾಗಿ ನಾನು ಕಾಯುತ್ತಿರುವುದು ಈ ದಾರಿಯನ್ನು.

ಭಾರತದಲ್ಲಿ ಐಲೆಟ್ ಕಸಿ ಇನ್ನೂ ನಿತ್ಯದ ಚಿಕಿತ್ಸೆಯಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಮಧುಮೇಹಕ್ಕೆ ಕಾಂಡಕೋಶ ಕೊಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಸಾಧ್ಯ. ಹಣ ಪಡೆದು ಗುಣಪಡಿಸುತ್ತೇವೆ ಎಂದು ಕರೆಯುವವರ ಬಳಿಗೆ ತೋಟ ಅಡವಿಟ್ಟು ಹೋಗಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಣ್ಣನ ವಿಷಯಕ್ಕೆ ಬಂದರೆ, ಕಸಿ ಮಾಡುವ ಕೇಂದ್ರಗಳು ಮೊದಲು ಕೇಳುವುದು ಬೇರೆಲ್ಲ ಉಪಾಯ ಮುಗಿದಿದೆಯೇ ಎಂದು. ಅವನಿಗೆ ಮುಗಿದಿರಲಿಲ್ಲ. ಈಗ ತೋಳಿಗೆ ಅಂಟಿಸಿದ, ಎರಡು ವಾರಕ್ಕೊಮ್ಮೆ ಬದಲಿಸುವ ಸೆನ್ಸರ್ ಸಕ್ಕರೆ ಇಳಿಯತೊಡಗಿದಾಗಲೇ ಮೊಬೈಲಿನಲ್ಲಿ ಕೂಗುತ್ತದೆ. ಕಕ್ಕಡದ ಮಳೆಗೆ ನಾಲ್ಕು ದಿನ ಕರೆಂಟ್ ಹೋದಾಗ ಅತ್ತಿಗೆ ಆ ಮೊಬೈಲನ್ನು ಜೀಪಿನ ಬ್ಯಾಟರಿಯಿಂದ ಚಾರ್ಜ್ ಮಾಡಿಕೊಂಡರು. ಒಂದು ರಾತ್ರಿ ಮಾತ್ರ, ಎರಡು ಗಂಟೆಗೆ ಎಚ್ಚರವಾಗಲಿಲ್ಲ ಎಂದರು.