ಹಾಸಿಗೆಯನ್ನು ತೂಗಿ ನೋಡಿ

ನಮ್ಮ ಮನೆಯ ದಿವಾನ್ ಮಂಚ ಆರಡಿ ಉದ್ದ, ಮೂರಡಿ ಅಗಲ. ಮಗಳು ಮಲಗುವುದು ಅದರ ಮೇಲೇ. ಹೋದ ಸಲ ಅದಕ್ಕೊಂದು ಫೋಮ್ ಹಾಸಿಗೆ ತಂದೆವು. ಅಂಗಡಿಯಲ್ಲಿ ಕೂತು ನೋಡಿದಾಗ ಹಿತವಾಗಿಯೇ ಇತ್ತು. ವರ್ಷ ತುಂಬುವಷ್ಟರಲ್ಲಿ ನಡುವೆ ತಗ್ಗು ಬಿತ್ತು. ಬೆಳಿಗ್ಗೆ ಎದ್ದರೆ ಅವಳಿಗೆ ಸೊಂಟ ಹಿಡಿದಿರುತ್ತಿತ್ತು.

ಚಿಕ್ಕ ಮಂಚಕ್ಕೆ ಈ ಕಾಟ ಜಾಸ್ತಿ. ಡಬಲ್ ಕಾಟ್ ಮೇಲಾದರೆ ಅತ್ತಿತ್ತ ಹೊರಳಬಹುದು. ಮೂರಡಿ ಅಗಲದಲ್ಲಿ ಹೊರಳಲು ಜಾಗ ಎಲ್ಲಿದೆ? ಸೊಂಟದ ಭಾರ ದಿನಾ ಒಂದೇ ಕಡೆ ಬೀಳುತ್ತದೆ.

ಫೋಮ್ ಅಂದರೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ನೊರೆ. ಜರ್ಮನಿಯ ಒಟ್ಟೊ ಬಾಯರ್ ಮತ್ತು ಸಂಗಡಿಗರು 1937ರಲ್ಲಿ ಈ ಪ್ಲಾಸ್ಟಿಕ್ ಕಂಡುಹಿಡಿದರು. ಅಂಗಡಿಯವರು ‘32 ಡೆನ್ಸಿಟಿ’, ‘40 ಡೆನ್ಸಿಟಿ’ ಅನ್ನುತ್ತಾರಲ್ಲ, ಅದು ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ನೊರೆಯಾಗದ ಪಾಲಿಯುರೆಥೇನ್ ಅಷ್ಟೇ ಜಾಗದಲ್ಲಿ ಸುಮಾರು 1200 ಕಿಲೋ ತೂಗುತ್ತದೆ. ಅಂದರೆ 32 ಡೆನ್ಸಿಟಿ ಹಾಸಿಗೆಯಲ್ಲಿ ನೂರಕ್ಕೆ 97 ಪಾಲು ಬರೀ ಗಾಳಿ! ನಮ್ಮನ್ನು ಹೊರುವುದು ಉಳಿದ 3 ಪಾಲು, ಕೂದಲಿನಂಥ ಎಳೆಗಳು. ರಾತ್ರಿ ಬಾಗಬೇಕು, ಬೆಳಿಗ್ಗೆ ನೆಟ್ಟಗಾಗಬೇಕು. ಸೆಕೆಯೂ ತೇವವೂ ಸೇರಿದರೆ ಅವು ಬೇಗ ಸೋಲುತ್ತವೆ. ಭಾರ ಹೊರುವ ಈ ಎಳೆಗಳ ಪಾಲು, ಅಂದರೆ ಡೆನ್ಸಿಟಿ, ಹೆಚ್ಚಿದ್ದಷ್ಟೂ ಹಾಸಿಗೆ ಬಾಳುತ್ತದೆ.

ಬಹಳ ಜನ ಡೆನ್ಸಿಟಿಯನ್ನೇ ಗಟ್ಟಿತನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 40 ಡೆನ್ಸಿಟಿ ಫೋಮನ್ನು ಮೆತ್ತಗೂ ಮಾಡಬಹುದು, ಗಟ್ಟಿಯಾಗಿಯೂ ಮಾಡಬಹುದು. ಕೈಯಲ್ಲಿ ಒತ್ತಿದರೆ ತಿಳಿಯುವುದು ಗಟ್ಟಿತನ ಮಾತ್ರ. ಬಾಳಿಕೆ ತಿಳಿಯಲು ತೂಕ ನೋಡಬೇಕು.

ಹಾಸಿಗೆ ಚಿಕ್ಕದಾದರೆ ಇದು ಸುಲಭ. ಆರಡಿ ಉದ್ದ, ಮೂರಡಿ ಅಗಲ, ನಾಲ್ಕಿಂಚು ದಪ್ಪ ಅಂದರೆ 6 ಘನ ಅಡಿ, ಸುಮಾರು 0.17 ಘನ ಮೀಟರ್. ಪೂರ್ತಿ ಫೋಮೇ ಆಗಿದ್ದು, ಡೆನ್ಸಿಟಿ 32 ಇದ್ದರೆ ಐದೂವರೆ ಕಿಲೋ ಹತ್ತಿರ ಬರಬೇಕು. 40 ಇದ್ದರೆ 6.8 ಕಿಲೋ. ಹಾಸಿಗೆ ಎತ್ತಿಕೊಂಡು ತೂಕದ ಮೆಷಿನ್ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಕವರಿನ ತೂಕವನ್ನೂ ಬಿಡಿ. ಸುಣ್ಣದ ಕಲ್ಲಿನ ಪುಡಿ ಬೆರೆಸಿ ಫೋಮಿನ ತೂಕ ಹೆಚ್ಚಿಸುವುದೂ ಉಂಟು. ಹಾಗಾಗಿ ತೂಕ ಸರಿ ಬಂದ ಮಾತ್ರಕ್ಕೆ ಪೂರ್ತಿ ನಂಬುವ ಹಾಗಿಲ್ಲ. ಕಮ್ಮಿ ಬಂದರಂತೂ ಸುಮ್ನೆ ವಾಪಸ್ ಕೊಟ್ಟುಬಿಡಿ.

ಇನ್ನು ಗಟ್ಟಿತನ. ಸೊಂಟ ನೋವಿಗೆ ಹಲಗೆಯಂಥ ಹಾಸಿಗೆಯೇ ಮದ್ದು ಅನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ, ಅಲ್ವಾ? ಸ್ಪೇನಿನ ವೈದ್ಯರು ಬಹುಕಾಲದ ಸೊಂಟ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿಯದು ಕೊಟ್ಟು 90 ದಿನ ನೋಡಿದರು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಮಧ್ಯಮ ಗಟ್ಟಿಯದರಲ್ಲಿ ಮಲಗಿದವರ ನೋವೇ ಹೆಚ್ಚು ಇಳಿದಿತ್ತು. ಮಗ್ಗುಲಾಗಿ ಮಲಗಿದಾಗ ಭುಜ, ಸೊಂಟ ಒಂದಿಷ್ಟು ಒಳಗೆ ಇಳಿಯಬೇಕು. ಇಳಿಯದಿದ್ದರೆ ಭಾರವೆಲ್ಲ ಆ ಎರಡೇ ಜಾಗದ ಮೇಲೆ ಕೂರುತ್ತದೆ.

ಹತ್ತಿ ಹಾಸಿಗೆ ಚಪ್ಪಟೆಯಾದರೆ ಅರಳೆ ಹಿಂಜಿಸಬಹುದು. ಅಂಟಿಕೊಂಡ ಎಳೆಗಳು ಬಿಡಿಸಿಕೊಂಡು ಮತ್ತೆ ಗಾಳಿ ತುಂಬುತ್ತದೆ. ಫೋಮಿಗೆ ಆ ಭಾಗ್ಯ ಇಲ್ಲ. ಅದಕ್ಕೇ ಹೊಸ ಹಾಸಿಗೆಯ ತಲೆ ಕಡೆಯನ್ನು ತಿಂಗಳಿಗೊಮ್ಮೆ ಕಾಲ ಕಡೆಗೆ ತಿರುಗಿಸುತ್ತಿದ್ದೇವೆ. ಮಗಳ ಸೊಂಟ ಊರುವ ಜಾಗ ಅಷ್ಟಾದರೂ ಸರಿಯುತ್ತದೆ.